ಹೆಣದ ಜಾಗ

"ಏಯ್ ಹೆಣ! ಕಣ್ಣು ಮುಚ್ಚೇ! ಸತ್ತೋಳು ಯಾವಳಾದ್ರೂ ಹಾಗೆ ಪಿಳಿಪಿಳಿ ನೋಡ್ತಾಳೇನೇ?"

ಮೈಕಿನಲ್ಲಿ ಬಂದ ಈ ಬೈಗುಳ ನಮ್ಮಕ್ಕನಿಗೆ. ಅವಳು ಮೈದಾನದ ನಟ್ಟನಡುವೆ, ಸುಣ್ಣದಲ್ಲಿ ಎಳೆದ ಉದ್ದನೆಯ ಗುರುತಿನೊಳಗೆ ಅಂಗಾತ ಮಲಗಿದ್ದಳು. ಬಿಸಿಲು ನೆತ್ತಿಗೇರಿತ್ತು. ಅವಳ ಕಿವಿಯ ಪಕ್ಕದಲ್ಲೇ ಇರುವೆ ಸಾಲು ಹೊರಟಿತ್ತು.

"ಇರುವೆ ಸ್ವಾಮಿ," ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

"ಹೆಣಕ್ಕೆ ಇರುವೆ ಕಚ್ಚಿದ್ರೆ ಗೊತ್ತಾಗುತ್ತೇನೇ ಮುಂಡೇದೆ? ಬಾಯಿ ಮುಚ್ಚು!"

ಮೈದಾನದಲ್ಲಿದ್ದವರೆಲ್ಲ ನಕ್ಕರು. ಅಕ್ಕನಿಗೂ ನಗು ತಡೆಯಲಾಗಲಿಲ್ಲ, ಮಲಗಿದಲ್ಲೇ ಹೊಟ್ಟೆ ಕುಲುಕಿತು. ಹೆಣ ನಗುತ್ತಿದೆ ಎಂದು ಇನ್ನೊಂದು ಬೈಗುಳ ಬಂತು.

ಅದು ಅಣಕು ಪ್ರವಾಹ. ಮಳೆಗಾಲಕ್ಕೆ ಮುಂಚೆ ನಮ್ಮೂರ ರಕ್ಷಣಾ ಇಲಾಖೆ ವರ್ಷವರ್ಷವೂ ಮಾಡುತ್ತದೆ. ಕಾಲುವೆಯ ಸೈರನ್ ಕೂಗಿದ ಕೂಡಲೇ ಕಾಲುವೆ ಪಕ್ಕದ ನಮ್ಮ ಓಣಿಯ ಜನರೆಲ್ಲ ಮೈದಾನಕ್ಕೆ ಓಡಿ ಬರಬೇಕು. ಗಾಯಾಳುಗಳಿಗೆ ದುಂಡನೆಯ ಗುರುತು, ಸತ್ತವರಿಗೆ ಉದ್ದನೆಯ ಗುರುತು. ಅವರವರ ಜಾಗದಲ್ಲಿ ಕೂತು, ಮಲಗಿ, ನಾವು ಬಂದು ಎತ್ತಿಕೊಂಡು ಹೋಗುವವರೆಗೆ ಕಾಯಬೇಕು. ಮೇಲಿನಿಂದ ಬಂದ ಅಧಿಕಾರಿಗಳು ಮೈದಾನದ ತುದಿಯಲ್ಲಿರುವ ಕಲ್ಲಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರೆ. ಅವರಿಗೆ ಪ್ರವಾಹ ಮೆಚ್ಚುಗೆಯಾದರೆ ಇಲಾಖೆಗೆ ಮುಂದಿನ ವರ್ಷದ ಹಣ ಬರುತ್ತದೆ.

ನಾನು ದೋಣಿಯವನು. ನೀರಿಲ್ಲದ ಮೈದಾನದಲ್ಲಿ ದೋಣಿಯವನ ಕೆಲಸ ದೋಣಿ ಹೊರುವುದು. ನಾವು ನಾಲ್ವರು ಹೆಗಲ ಮೇಲೆ ದೋಣಿ ಹೊತ್ತುಕೊಂಡು ಓಡಿ ಬಂದೆವು. ಅಕ್ಕನನ್ನು ಎತ್ತಿ ಅದರಲ್ಲಿ ಮಲಗಿಸಿದೆವು. ಮತ್ತೆ ಹೊತ್ತುಕೊಂಡು ಓಡಿದೆವು.

"ಮೆಲ್ಲಗೆ ಹೋಗೋ, ಸೊಂಟ ಮುರೀತು," ಎಂದು ಹೆಣ ಒಳಗಿಂದ ಪಿಸುಗುಟ್ಟಿತು.

"ಸುಮ್ಮನಿರಕ್ಕ. ನೀನು ಸತ್ತಿದ್ದೀಯ."

"ಗೊತ್ತೋ. ಈ ಊರಲ್ಲಿ ನನ್ನಷ್ಟು ಸಲ ಸತ್ತೋರು ಇನ್ಯಾರಿದ್ದಾರೆ?"

ಕಟ್ಟೆಯ ಮೇಲಿನವರು ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬರು ಮರಳು ಚೀಲ ಹೊರುವ ಫೋಟೊ ತೆಗೆಸಿಕೊಂಡರು. ಚೀಲ ಹೊಲಿದವಳು ಅಕ್ಕನೇ. ಅವಳೂ ಅವಳ ಮಗಳೂ ಇಲಾಖೆಯ ಶೆಡ್ಡಿನಲ್ಲಿ ಕೂತು ದಬ್ಬಣ ಹಿಡಿದು ಗೋಣಿಯ ಬಾಯಿ ಹೊಲಿಯುತ್ತಾರೆ. ಒಳಗಿರುವುದು ಮರಳಲ್ಲ, ಮರ ಕೊಯ್ದ ಹೊಟ್ಟು. ಹಿಂದೊಮ್ಮೆ ನಿಜವಾಗಿ ಮರಳು ತುಂಬಿದ್ದರಂತೆ. ಫೋಟೊಗೆ ನಿಂತ ಅಧಿಕಾರಿಯ ಬೆನ್ನು ಹಿಡಿದುಕೊಂಡು ದೊಡ್ಡ ರಾದ್ಧಾಂತವಾಯಿತು. ಅಂದಿನಿಂದ ಹೊಟ್ಟು.

ಪ್ರವಾಹ ಮುಗಿದ ಮೇಲೆ ಅಕ್ಕನಿಗೆ ತಲೆ ಸುತ್ತು ಬಂತು. ಮೈದಾನದಲ್ಲಿ ನೆರಳಿದ್ದದ್ದು ಕಟ್ಟೆಯ ಹತ್ತಿರ ಮಾತ್ರ. ಹೋಗಿ ಅದರ ಅಂಚಿನ ಮೇಲೆ ಕೂತಳು. ಕೂತು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮೈಕು ಮತ್ತೆ ಕೂಗಿತು.

"ಇಳಿಯೇ ಕೆಳಗೆ! ನಿಮ್ಮಪ್ಪ ಕಟ್ಟಿಸಿದ್ದಾ ಅದು? ಏಯ್ ಕೋಲು! ನಿನಗೆ ಕೋಲು ಕೊಟ್ಟಿರೋದು ಹಲ್ಲುಜ್ಜೋಕಾ? ಓಡಿಸೋ ಅವಳನ್ನ!"

ಮೈಕು ಹಿಡಿದವರು ನಮ್ಮ ಇಲಾಖೆಯ ಮುಖ್ಯಸ್ಥರು. ಮೈಕಿಲ್ಲದೆ ಅವರನ್ನು ನಾವ್ಯಾರೂ ನೋಡಿದ್ದಿಲ್ಲ, ಹಾಗಾಗಿ ಓಣಿಯಲ್ಲಿ ಅವರು ಮೈಕ್ ಸಾಹೇಬರು. ಕೋಲು ಎಂದರೆ ಕಟ್ಟೆ ಕಾಯುವ ನಮ್ಮ ಬಾವ, ಅಕ್ಕನ ಗಂಡ. ಬಾವ ಕೋಲು ಹಿಡಿದು ಹೆಂಡತಿಯ ಹತ್ತಿರ ಬಂದ.

"ಇಳಿಯೇ. ನೋಡ್ತಿದ್ದಾರೆ."

"ನೋಡ್ಲಿ ಬಿಡ್ರಿ. ತಲೆ ತಿರುಗ್ತಾ ಇದೆ."

"ಇಳಿಯೇ ಅಂದ್ನಲ್ಲ."

ಅಕ್ಕ ಇಳಿದು ಬಿಸಿಲಿನಲ್ಲಿ ಕೂತಳು. "ಹಿತ್ತಲ ಬಾಗಿಲು ಹಾಕೋಕೆ ನೆನಪಿರಲ್ಲ, ಊರೋರ ಕಟ್ಟೆ ಕಾಯೋಕೆ ಬಂದುಬಿಟ್ರು," ಎಂದಳು, ಎಲ್ಲರಿಗೂ ಕೇಳುವ ಹಾಗೆ. ಮತ್ತೆ ಎಲ್ಲರೂ ನಕ್ಕರು. ಬಾವ ನಗಲಿಲ್ಲ.

*

ನಮ್ಮ ಇಲಾಖೆಗೆ ಎರಡು ಕೆಲಸ. ಬೆಂಕಿ ಬಿದ್ದರೆ, ನೀರು ನುಗ್ಗಿದರೆ ಜನರನ್ನು ಕಾಪಾಡುವುದು ಒಂದು. ದೊಡ್ಡವರು ಬಂದಾಗ ಅವರನ್ನು ಕಾಯುವುದು ಇನ್ನೊಂದು. ಹಿಂದೆ ಇವು ಬೇರೆ ಬೇರೆ ಇಲಾಖೆಗಳಾಗಿದ್ದವಂತೆ. ಖರ್ಚು ಉಳಿಯಲಿ ಎಂದು ಒಂದು ಮಾಡಿದರು. ಒಂದೇ ತಟ್ಟೆಯಲ್ಲಿ ಇಬ್ಬರಿಗೆ ಬಡಿಸಿದರೆ ಉದ್ದ ಕೈಯವನ ಹೊಟ್ಟೆ ತುಂಬುತ್ತದೆ. ಪ್ರವಾಹ ವರ್ಷಕ್ಕೊಮ್ಮೆ ಬಂದರೆ ಬಂತು, ದೊಡ್ಡವರು ವಾರಕ್ಕೊಮ್ಮೆ ಬರುತ್ತಾರೆ. ಹಾಗಾಗಿ ಜೀಪು, ಪೆಟ್ರೋಲು, ಆಳು ಎಲ್ಲವೂ ಅತ್ತ ಕಡೆಗೆ.

ನಾನೂ ಬಾವನೂ ಸ್ವಯಂಸೇವಕರು. ಅಂದರೆ ಕೆಲಸ ಇದೆ, ಹುದ್ದೆ ಇಲ್ಲ. ಹುದ್ದೆಯಲ್ಲಿರುವವರು ಆಫೀಸಿನೊಳಗೆ ಇರುತ್ತಾರೆ. ನೀರಿಗೆ ಇಳಿಯುವವರು, ಬೆಂಕಿಗೆ ನುಗ್ಗುವವರು, ಗೇಟಿನಲ್ಲಿ ನಿಲ್ಲುವವರು ಎಲ್ಲ ಸ್ವಯಂಸೇವಕರೇ. ನಮ್ಮಲ್ಲೊಬ್ಬ ಮುಳುಗಿದರೆ ಅವನು ಸ್ವಂತ ಇಚ್ಛೆಯಿಂದ ಮುಳುಗಿದ ಹಾಗೆ ಲೆಕ್ಕ.

ಹಣ ಬರುವ ದಾರಿಯೂ ಮಜವಾಗಿದೆ. ಅಣಕು ಪ್ರವಾಹಕ್ಕೆ ಒಂದು ಬಾಬ್ತು, ನಿಜವಾದ ಪ್ರವಾಹಕ್ಕೆ ಬೇರೆ ಬಾಬ್ತು. ಅಣಕಿನದು ಯಾವಾಗಲೂ ತುಂಬಿರುತ್ತದೆ. ನಿಜದ್ದಕ್ಕೆ ಬೀಗ. ಪ್ರವಾಹ ಬಂದಿದೆ ಎಂದು ಘೋಷಣೆಯಾದರೆ ಮಾತ್ರ ಆ ಬೀಗ ತೆಗೆಯಬಹುದು. ಘೋಷಣೆಗೆ ಸಭೆಯಾಗಬೇಕು, ಸಭೆಗೆ ಸಾಹೇಬರು ಬರಬೇಕು, ಸಾಹೇಬರು ಬಂದೋಬಸ್ತಿನಲ್ಲಿರುತ್ತಾರೆ. ಒಮ್ಮೆ ನಾನು ಉಗ್ರಾಣದವನ ಹತ್ತಿರ ದೋಣಿಗೆ ಒಂದು ಕ್ಯಾನು ಪೆಟ್ರೋಲು ಕೇಳಿದ್ದೆ, ಮಳೆಗಾಲಕ್ಕೆ ಇಟ್ಟುಕೊಳ್ಳೋಣ ಅಂತ.

"ಯಾವುದಕ್ಕೆ? ಅಣಕಿಗೋ, ಬಂದೋಬಸ್ತಿಗೋ?"

"ನೀರು ಬಂದ್ರೆ ಬೇಕಲ್ಲಣ್ಣ."

"ನೀರು ಬರ್ಲಿ, ಘೋಷಣೆ ಆಗ್ಲಿ. ಆಮೇಲೆ ಬಾ, ಕೊಡ್ತೀನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ದೇವರೇ ಬಂದೋಬಸ್ತಿಗೆ ಹೋಗಿರುತ್ತಾನೆ.

ಇನ್ನು ಆ ಮೈದಾನದ ಕತೆ. ಕಾಗದದ ಮೇಲೆ ನಮ್ಮ ಓಣಿಯವರು ಓಡಬೇಕಾದದ್ದು ಗುಡ್ಡದ ಮೇಲಿನ ಶಾಲೆಗೆ. ಮೊದಲ ವರ್ಷ ಹಾಗೇ ಓಡಿದ್ದೆವು. ಮೇಲಿನ ಅಧಿಕಾರಿಗಳೂ ನೋಡಲು ಗುಡ್ಡ ಹತ್ತಬೇಕಾಯಿತು. ದಾರಿಯಲ್ಲಿ ಒಬ್ಬರಿಗೆ ಏದುಸಿರು ಬಂದು ಕೂತುಬಿಟ್ಟರು, ಇಲಾಖೆಗೆ ಆ ವರ್ಷ ಹಣ ಕಡಿಮೆ ಬಂತು. ಮರುವರ್ಷ ಪ್ರವಾಹವನ್ನು ಕಾರು ನಿಲ್ಲುವ ಜಾಗಕ್ಕೆ ಇಳಿಸಿದರು. ಮೈದಾನ ಓಣಿಗಿಂತಲೂ ತಗ್ಗು. ಸುತ್ತ ಎತ್ತರದ ಗೋಡೆ, ಒಂದೇ ಗೇಟು. ನೋಡಲು ಥೇಟ್ ಬಾಣಲೆ.

ಅದು ತಗ್ಗು ಎಂದು ಓಣಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಎಲ್ಲರಿಗೂ ಗೊತ್ತಿತ್ತು. ಆದರೆ ಸೈರನ್ ಆದಾಗ ಮೈದಾನಕ್ಕೆ ಬರದವರ ಮನೆಯ ಗೋಡೆಗೆ ಮಾರನೆಯ ದಿನ ಕೆಂಪು ಬಣ್ಣ ಬೀಳುತ್ತಿತ್ತು. ಕೆಂಪು ಬಿದ್ದ ಮನೆ ಅಪಾಯದ ಮನೆ, ಅದನ್ನು ಕೆಡವಬಹುದು. ಅಕ್ಕನ ಎದುರು ಮನೆಯ ಅಜ್ಜಿ ಒಂದು ವರ್ಷ ಜ್ವರ ಬಂದು ಮಲಗಿದ್ದಳು. ಅವಳ ಗೋಡೆ ಕೆಂಪಾಯಿತು. ಅಜ್ಜಿ ಮೈಕ್ ಸಾಹೇಬರ ಕಾಲು ಹಿಡಿದು, ಮುಂದಿನ ವರ್ಷದಿಂದ ಖಾಯಂ ಗಾಯಾಳುವಾಗಿ ಬರುತ್ತೇನೆ ಎಂದು ಒಪ್ಪಿಕೊಂಡು ಮನೆ ಉಳಿಸಿಕೊಂಡಳು.

ಆಮೇಲೆ ಯಾರೂ ತಪ್ಪಿಸಲಿಲ್ಲ. ಓಣಿಯವರನ್ನು ಹೊರಡಿಸುವ ಜವಾಬ್ದಾರಿಯನ್ನು ಸಾಹೇಬರು ಅಕ್ಕನಿಗೇ ಹೊರಿಸಿದ್ದರು. ಸೈರನ್ ಕೂಗಿದ ಕೂಡಲೇ ಅವಳು ಹಳೆಯ ಸ್ಟೀಲ್ ತಟ್ಟೆಯೊಂದನ್ನು ಸೌಟಿನಿಂದ ಬಡಿಯುತ್ತಾ ಮನೆಮನೆಗೆ ಓಡುತ್ತಿದ್ದಳು. ಒಬ್ಬರು ತಡ ಮಾಡಿದರೂ ಬೈಗುಳ ಅವಳಿಗೆ.

*

ನಿಜವಾದ ನೀರು ಬಂದದ್ದು ಅಕ್ಕನಿಗೆ ಇರುವೆ ಮುತ್ತಿದ ಮರುವರ್ಷ, ಒಂದು ಬೆಳಿಗ್ಗೆ, ಅಣಕು ಪ್ರವಾಹಕ್ಕೆ ಇನ್ನೇನು ಕೆಲವೇ ದಿನ ಇರುವಾಗ.

ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿತ್ತು. ನಾನು ಊರಾಚೆಯ ಅತಿಥಿಗೃಹದಲ್ಲಿದ್ದೆ. ದೊಡ್ಡವರೊಬ್ಬರು ಬಂದು ತಂಗಿದ್ದರು, ಅಲ್ಲಿನ ಕೊಳದ ಸುತ್ತ ಬೆಳಿಗ್ಗೆ ನಡೆಯುವುದು ಅವರ ಅಭ್ಯಾಸ. ಅವರು ಕಾಲು ಜಾರಿ ಬಿದ್ದರೆ ಎತ್ತಲೆಂದು ಇಲಾಖೆಯ ಒಂದೇ ಒಂದು ದೋಣಿಯನ್ನು ಕೊಳದಲ್ಲಿ ನಿಲ್ಲಿಸಿ, ಅದರಲ್ಲಿ ನನ್ನನ್ನು ಕೂರಿಸಿದ್ದರು. ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದ್ದರು. ದೋಣಿಯನ್ನು ದಡದ ಕಂಬಕ್ಕೆ ಸರಪಳಿ ಬಿಗಿದು ಬೀಗ ಹಾಕಿದ್ದರು, ಸರ್ಕಾರದ ಸೊತ್ತು ಕಳುವಾಗಬಾರದಲ್ಲ. ಬೀಗದ ಕೈ ಮೈಕ್ ಸಾಹೇಬರ ಜೇಬಿನಲ್ಲಿತ್ತು. ಅಂದು ಅವರ ಕೈಯಲ್ಲಿ ಮೈಕಿರಲಿಲ್ಲ. ದೊಡ್ಡವರಿಗೆ ಕೊಡೆ ಹಿಡಿದಿದ್ದರು.

ಆಗ ಸೈರನ್ ಕೂಗಿತು. ದೂರದಿಂದ, ಮಳೆಯ ಸದ್ದಿನ ನಡುವೆ, ಆದರೆ ಕಾಲುವೆಯದೇ.

"ಸಾಹೇಬ್ರೆ! ಕಾಲುವೆ ಸೈರನ್ನು!"

"ಕೇಳಿಸ್ತು. ಅರಚಬೇಡ."

ದೊಡ್ಡವರು ನಿಂತರು. "ಏನದು ಶಬ್ದ?"

"ಅಭ್ಯಾಸ ಸರ್," ಎಂದರು ಮೈಕ್ ಸಾಹೇಬರು. "ಜನ ಸಜ್ಜಾಗಿದ್ದಾರೆ."

"ಗುಡ್," ಎಂದು ದೊಡ್ಡವರು ಮತ್ತೆ ನಡೆದರು.

ಮುಂದಿನ ಸುತ್ತಿನಲ್ಲಿ ಅವರು ನನ್ನ ಹತ್ತಿರ ಬಂದಾಗ ನಾನು ಎದ್ದು ನಿಂತೆ. "ಸಾಹೇಬ್ರೆ, ಬೀಗದ ಕೈ ಕೊಡಿ. ದೋಣಿ ಲಾರಿಗೆ ಹಾಕ್ಕೊಂಡು ಹೋಗ್ತೀನಿ. ನಮ್ಮಕ್ಕ ಇದ್ದಾಳೆ ಅಲ್ಲಿ, ನಮ್ಮ ಜನ ಇದ್ದಾರೆ."

ಸಾಹೇಬರು ಹಲ್ಲು ಕಚ್ಚಿಕೊಂಡು, ತುಟಿ ಅಲ್ಲಾಡಿಸದೆ ಹೇಳಿದರು: "ದೊಡ್ಡವರು ಇನ್ನೂ ನಡೀತಿದ್ದಾರೆ ಕಣೋ ಬೋಳಿಮಗನೆ. ಅವರು ಬಿದ್ರೆ ನೀನು ಹೊಣೆನಾ?"

"ಮೊಣಕಾಲುದ್ದ ನೀರಿಲ್ಲ ಸಾಹೇಬ್ರೆ ಇದ್ರಲ್ಲಿ."

"ಘೋಷಣೆ ಆಗಿದೆಯಾ? ಸಭೆ ಆಗಿದೆಯಾ? ಆಗದೆ ಹ್ಯಾಗೋ ಕೊಡ್ಲಿ?"

ನಾನು ಕೊಳಕ್ಕೆ ಕಾಲಿಟ್ಟೆ. ಮೊಣಕಾಲಿನವರೆಗೂ ಬರಲಿಲ್ಲ. ದಡ ಹತ್ತಿ ಗೇಟಿನ ಕಡೆಗೆ ಓಡುತ್ತಿದ್ದಾಗ ಹಿಂದಿನಿಂದ ಸಾಹೇಬರು ಕೂಗಿದರು. ಮನಸ್ಸು ಬದಲಾಯಿತೇನೋ ಅಂದುಕೊಂಡು ತಿರುಗಿದೆ.

"ಜಾಕೆಟ್ ಬಿಚ್ಚಿಟ್ಟು ಹೋಗೋ! ಸರ್ಕಾರದ್ದು ಅದು!"

ಬಿಚ್ಚಿ ಬಿಸಾಕಿ ಓಡಿದೆ.

*

ಮರಳು ಚೀಲ ತೇಲುವುದನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಮೈದಾನ ಬಾಣಲೆಯ ಹಾಗೆ ತುಂಬಿ ನಿಂತಿತ್ತು. ಅಕ್ಕ ಹೊಲಿದ ಚೀಲಗಳು ಗೋಡೆಯಿಂದ ಗೋಡೆಗೆ ತೇಲಾಡುತ್ತಿದ್ದವು. ಕುಸಿಯದೆ ಉಳಿದ ಗೋಡೆಯ ಮೇಲ್ಭಾಗ ಮತ್ತು ಆ ಕಟ್ಟೆ, ಇವೆರಡೇ ನೀರಿನ ಮೇಲಿದ್ದವು. ಕಟ್ಟೆಯ ಮೇಲೆ ನಮ್ಮ ಓಣಿಯೇ ನಿಂತಿತ್ತು, ಒಬ್ಬರನ್ನೊಬ್ಬರು ತಬ್ಬಿಕೊಂಡು. ಬಾವ ಎದೆಯುದ್ದ ನೀರಿನಲ್ಲಿ ಆ ಕಡೆಯಿಂದ ಈ ಕಡೆಗೆ ಕೈಯಾಡಿಸುತ್ತಿದ್ದ. ಯಾರನ್ನು ಹುಡುಕುತ್ತಿದ್ದಾನೆ ಎಂದು ಕೇಳಬೇಕಾಗಿರಲಿಲ್ಲ. ನಾನು ಗೋಡೆಯಿಂದ ಧುಮುಕಿದೆ.

ನಡೆದದ್ದನ್ನು ಆಮೇಲೆ ಹೇಳಿದವಳು ಎದುರು ಮನೆಯ ಅಜ್ಜಿ.

"ಸೈರನ್ ಆಯ್ತಪ್ಪ. ನಿಮ್ಮಕ್ಕ ತಟ್ಟೆ ಬಡ್ಕೊಂಡು ಬಂದ್ಲು. ‘ಈ ಸಲ ಬೇಗ ಇಟ್ಬಿಟ್ಟಿದ್ದಾರೆ ಅಜ್ಜಿ, ಹೇಳದೆ ಕೇಳದೆ ಪರೀಕ್ಷೆ ಮಾಡ್ತಿರಬೇಕು, ಏಳು ಏಳು, ಗೋಡೆಗೆ ಬಣ್ಣ ಬಳೀತಾರೆ’ ಅಂದ್ಲು. ಮಳೆ ಬರ್ತಿದೆಯಲ್ಲೇ ಅಂದೆ. ‘ಪ್ರವಾಹ ಅಂದ್ಮೇಲೆ ಮಳೆ ಬರದೆ ಬಿಸಿಲು ಬರುತ್ತಾ’ ಅಂತ ನಕ್ಕಳು. ಎಲ್ರೂ ಹೋದ್ವಿ. ಸುಣ್ಣ ಇನ್ನೂ ಹಾಕಿರಲಿಲ್ಲ. ಆದ್ರೂ ನಮ್ಮ ನಮ್ಮ ಜಾಗ ನಮಗೆ ಗೊತ್ತಲ್ಲ? ಕೂತ್ವಿ. ಅವಳು ತನ್ನ ಜಾಗದಲ್ಲಿ ಮಲಗಿದ್ಲು. ಮಲಗಿದೋಳು ಎದ್ದು, ‘ಅಜ್ಜಿ, ಬೆನ್ನು ನೆನೀತಿದೆ’ ಅಂದ್ಲು. ನೋಡಿದ್ರೆ ಗೇಟಿಂದ ನೀರು ಬರ್ತಾ ಇದೆ."

ಜನ ಗೇಟಿನ ಕಡೆಗೆ ಹೋದರೆ ನೀರಿನ ಸೆಳೆತ ಹಿಂದಕ್ಕೆ ತಳ್ಳಿತಂತೆ. ಕಟ್ಟೆಯ ಕಡೆಗೆ ತಿರುಗಿದರು. ಕಟ್ಟೆಗೆ ಆ ವಾರ ಹೊಸ ಟೈಲ್ಸ್ ಹಾಕಿಸಿದ್ದರು, ಮೇಲಿನವರು ಬರುತ್ತಾರೆಂದು. ಒಂದು ಕಾಲು ಗುರುತು ಬಿದ್ದರೂ ನಿನ್ನನ್ನು ಮನೆಗೆ ಕಳಿಸುತ್ತೇನೆ ಎಂದು ಸಾಹೇಬರು ಬಾವನಿಗೆ ಹೇಳಿ ಹೋಗಿದ್ದರು. ಬಾವ ಹಗ್ಗ ಕಟ್ಟಿ, ಕೋಲು ಅಡ್ಡ ಹಿಡಿದು ನಿಂತಿದ್ದ.

"ತಡೆದ?" ಎಂದು ನಾನು ಕೇಳಿದೆ.

ಅಜ್ಜಿ ಬಾವ ಇದ್ದ ಕಡೆ ನೋಡಲಿಲ್ಲ. "ಸ್ವಲ್ಪ ಹೊತ್ತು."

"ಎಷ್ಟು ಹೊತ್ತು?"

"ಸ್ವಲ್ಪ ಹೊತ್ತು ಅಂದ್ನಲ್ಲಪ್ಪ. ನಿಮ್ಮಕ್ಕ ‘ರೀ, ಅಜ್ಜಿಯನ್ನಾದ್ರೂ ಹತ್ತಿಸಿ’ ಅಂದ್ಲು. ಅವನು ‘ಆರ್ಡರ್ ಕಣೇ, ಇರು, ಕೇಳ್ತೀನಿ’ ಅಂದ. ಯಾರನ್ನ ಕೇಳ್ತಾನೆ? ಅಲ್ಲಿ ಯಾರಿದ್ರು? ನೀರು ಸೊಂಟಕ್ಕೆ ಬಂದಾಗ ಕೋಲು ಎಸೆದು ಅಳ್ತಾ ಅಳ್ತಾ ಎಲ್ಲರನ್ನೂ ಎಳೆದ. ನನ್ನನ್ನ ಕೆಳಗಿಂದ ಎತ್ತಿಕೊಟ್ಟೋಳು ನಿಮ್ಮಕ್ಕ. ಇನ್ನೂ ಇಬ್ಬರು ಹಿಂದೆ ಉಳಿದಿದ್ರು, ಕರೀತೀನಿ ಅಂತ ಹೋದ್ಲು. ಆ ಕಡೆ ಗೋಡೆ ಬಿತ್ತು."

ನೀರು ಇಳಿದ ಮೇಲೆ ಅಕ್ಕ ಸಿಕ್ಕಳು. ಉಳಿದಿಬ್ಬರೂ ಸಿಕ್ಕರು. ಅಕ್ಕ ಬಿದ್ದ ಗೋಡೆಯ ಬುಡದಲ್ಲಿ ಒಂದು ಪಕ್ಕಕ್ಕೆ ಮುದುಡಿ ಬಿದ್ದಿದ್ದಳು, ಬಾಯಿಯಲ್ಲಿ ಮರದ ಹೊಟ್ಟು. ಹೆಣ ಹಾಗೆ ಮಲಗಿದರೆ ಸಾಹೇಬರು ಒಪ್ಪುತ್ತಿರಲಿಲ್ಲ. ಕಣ್ಣು ತೆರೆದೇ ಇದ್ದವು. ಅಂದು ಯಾರೂ ಬೈಯಲಿಲ್ಲ. ನಾನೇ ಮುಚ್ಚಿದೆ.

ಪ್ರವಾಹದ ಘೋಷಣೆ ಮಧ್ಯಾಹ್ನ ಆಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಉಗ್ರಾಣದವನು ಪೆಟ್ರೋಲಿನ ಕ್ಯಾನು ತಾನೇ ಹೊತ್ತುಕೊಂಡು ನನ್ನನ್ನು ಹುಡುಕಿಕೊಂಡು ಬಂದ.

"ತಗೋ, ಈಗ ಎಷ್ಟು ಬೇಕಾದ್ರೂ ಕೊಡಬಹುದು," ಎಂದ. ಅವನೂ ಒಳ್ಳೆಯವನೇ.

*

ವಿಚಾರಣೆಯೂ ನಡೆಯಿತು. ಆಫೀಸಿನ ಸಭಾಂಗಣದಲ್ಲಿ ನಮ್ಮನ್ನೆಲ್ಲ ಹಿಂದಿನ ಗೋಡೆಗೆ ಸಾಲಾಗಿ ನಿಲ್ಲಿಸಿ ಮೈಕ್ ಸಾಹೇಬರು ವರದಿ ಓದಿದರು. ಸೈರನ್ ಸಕಾಲಕ್ಕೆ ಕೂಗಿದೆ. ಸಾರ್ವಜನಿಕರು ಕೂಡಲೇ, ಶಿಸ್ತಿನಿಂದ, ನಿಗದಿತ ಸ್ಥಳಕ್ಕೆ ತಲುಪಿದ್ದಾರೆ. ಇಲಾಖೆಯ ತರಬೇತಿ ಫಲ ಕೊಟ್ಟಿರುವುದು ಇದರಿಂದ ಸಾಬೀತಾಗಿದೆ. ಮೂರು ಸಾವುಗಳು ಘೋಷಣೆಗೆ ಮುಂಚೆ ಸಂಭವಿಸಿರುವುದರಿಂದ ಪ್ರವಾಹದ ಸಾವುಗಳೆಂದು ಪರಿಗಣಿಸಲು ಬರುವುದಿಲ್ಲ.

ಮೇಲಿನವರಿಗೆ ವರದಿ ಬಹಳ ಹಿಡಿಸಿತು. ಊರಿಗೆ ನಿಜವಾಗಿಯೂ ಪ್ರವಾಹ ಬರುತ್ತದೆ ಎಂದು ಗೊತ್ತಾದದ್ದರಿಂದ ಹಣವೂ ಹೆಚ್ಚು ಬಂತು. ಬಿದ್ದ ಗೋಡೆಯನ್ನು ಮೊದಲಿಗಿಂತ ಎತ್ತರ ಕಟ್ಟಿದರು. ಕಟ್ಟೆಗೆ ಮತ್ತೆ ಟೈಲ್ಸ್ ಬಂತು, ತಲೆಯ ಮೇಲೆ ತಗಡಿನ ಮಾಡೂ ಬಂತು. ಬಾವನಿಗೆ ಹೊಸ ಕೋಲು ಕೊಟ್ಟರು. ಅಕ್ಕ ಸತ್ತದ್ದರಿಂದ ಇಲಾಖೆಗೆ ಒಳ್ಳೆಯದೇ ಆಯಿತು.

ನನಗೆ ಬಾವನ ಮುಖ ನೋಡಲಾಗುತ್ತಿರಲಿಲ್ಲ. ಒಂದೇ ಮನೆ, ಒಂದೇ ಒಲೆ, ಆದರೂ ಮಾತಿಲ್ಲ. ಒಂದು ಸಂಜೆ ನಾನು ಜಗಲಿಯಲ್ಲಿ ಕೂತಿದ್ದಾಗ ಅವನು ಬಂದು ಆ ಹೊಸ ಕೋಲನ್ನು ನನ್ನ ಮುಂದೆ ಇಟ್ಟ.

"ಹೊಡೀಬೇಕು ಅನ್ಸಿದ್ರೆ ಹೊಡಿ."

ನಾನು ಕೋಲು ನೋಡಿದೆ. ಹೊಡೆಯಬೇಕು ಅನಿಸಿತ್ತು, ಅದು ಸುಳ್ಳಲ್ಲ. ಆದರೆ ಹೊಡೆದರೆ ಮೈಕ್ ಸಾಹೇಬರ ಕೋಲಿನಿಂದ ಹೊಡೆದ ಹಾಗಾಗುತ್ತಿತ್ತು.

"ತಗೊಂಡು ಹೋಗು ಬಾವ," ಎಂದೆ.

"ಅವಳು ‘ರೀ’ ಅಂದ್ಲು ಕಣೋ. ನಾನು ‘ಇರು’ ಅಂದೆ." ಅಷ್ಟು ಹೇಳಿ ಅವನು ಅಲ್ಲೇ ಕೂತ. ಒಳಗೆ ಅಕ್ಕನ ಮಗಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

ಆ ಹುಡುಗಿ ನೀರು ಬಂದ ದಿನ ಶೆಡ್ಡಿನಲ್ಲಿ ಚೀಲ ಹೊಲಿಯುತ್ತಿದ್ದಳು, ಹಾಗಾಗಿ ಉಳಿದಳು. ತಾಯಿಯದೇ ಮುಖ, ತಾಯಿಯದೇ ನಾಲಿಗೆ. ಆದರೆ ಅಂದಿನಿಂದ ನಗು ಇಲ್ಲ.

ಮತ್ತೆ ಅಣಕು ಪ್ರವಾಹದ ಕಾಲ ಬಂತು. ಮೈಕ್ ಸಾಹೇಬರು ನನ್ನನ್ನೂ ಬಾವನನ್ನೂ ಕೋಣೆಗೆ ಕರೆಸಿದರು. ಕೂತಲ್ಲಿಂದಲೇ ಕೇಳಿದರು:

"ಈ ಸಲ ಹೆಣಕ್ಕೆ ಯಾರು?"

ಆಮೇಲೆ ಬಾವನ ಕಡೆ ತಿರುಗಿದರು.

"ನಿನ್ನ ಮಗಳಿದ್ದಾಳಲ್ಲ? ಅದೇ ಮೈಕಟ್ಟು. ತಾಯಿ ಚೆನ್ನಾಗಿ ಮಾಡ್ತಿದ್ಲು, ಇವಳಿಗೂ ರಕ್ತದಲ್ಲಿ ಬಂದಿರುತ್ತೆ. ಅದೇ ಜಾಗ ಕೊಡೋಣ."

ನಾನೇ ಹೇಳಿದೆ: "ಬೇಡ ಸಾಹೇಬ್ರೆ. ಅವರಮ್ಮ ಸತ್ತ ಜಾಗ ಅದು."

"ಅದಕ್ಕೇ ಕಣೋ, ನಿಜ ಅನ್ಸುತ್ತೆ. ಮೇಲಿನೋರಿಗೂ ಹೇಳಿದ್ದೀನಿ, ಅವರು ನೋಡ್ಬೇಕು ಅಂತಿದ್ದಾರೆ." ಸಾಹೇಬರು ಚಹಾ ಹೀರಿದರು. "ಬರಲ್ಲ ಅಂದ್ರೆ ಬರೋದು ಬೇಡ. ಬಲವಂತ ಏನಿಲ್ಲ, ಎಲ್ಲ ಸ್ವಯಂಸೇವೆ. ಗೋಡೆಗೆ ಕೆಂಪು ಬಣ್ಣ ಬಳಿಸ್ತೀನಿ ಅಷ್ಟೆ."

ಮನೆಗೆ ಬಂದು ಹೇಳಿದೆವು. ಹುಡುಗಿ ದಬ್ಬಣಕ್ಕೆ ಹುರಿ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿದಳು.

"ಬರ್ತೀನಿ ಅಂತ ಹೇಳಿ," ಎಂದಳು.

"ಬೇಡ ಮಗಳೇ," ಎಂದ ಬಾವ. "ಮನೆ ಹೋದ್ರೆ ಹೋಗ್ಲಿ. ಆ ಜಾಗದಲ್ಲಿ ನೀನು ಮಲಗೋದನ್ನ ನನ್ನ ಕೈಲಿ ನೋಡೋಕಾಗಲ್ಲ."

"ಬರ್ತೀನಿ ಅಂದೆ ಅಪ್ಪ. ಮಲಗ್ತೀನಿ ಅಂದ್ನಾ?" ಎಂದು ಅವಳು ಎದ್ದು, ಅಟ್ಟದಿಂದ ಅಕ್ಕನ ತಟ್ಟೆ ತೆಗೆದಳು. ಅದರ ಒಂದು ಬದಿ ನೀರಿನಲ್ಲಿ ಬಡಿದು ತಗ್ಗಾಗಿತ್ತು. ಸೆರಗಿನಿಂದ ಒರೆಸಿ, ಎದುರು ಮನೆಯ ಅಜ್ಜಿಯನ್ನು ಮಾತಾಡಿಸಲು ಹೋದಳು. ಅಲ್ಲಿಂದ ಪಕ್ಕದ ಮನೆಗೆ ಹೋದಳು.

*

ಅಂದು ಒಳ್ಳೆಯ ಬಿಸಿಲಿತ್ತು. ಮಾಡಿನ ಕೆಳಗೆ ಹೊಸ ಕುರ್ಚಿ ಹಾಕಿದ್ದರು, ಎಲ್ಲ ಕುರ್ಚಿಯಲ್ಲೂ ಮೇಲಿನವರು ತುಂಬಿದ್ದರು. ಮೈದಾನದಲ್ಲಿ ಹೊಸ ಸುಣ್ಣದ ಗುರುತುಗಳು. ನಡುವೆ ಉದ್ದನೆಯದು, ಅಕ್ಕನಿಗೆ ಎಳೆಯುತ್ತಿದ್ದಷ್ಟೇ ಉದ್ದ. ಬಾವ ಹಗ್ಗದ ಹಿಂದೆ ಕೋಲು ಹಿಡಿದು ನಿಂತಿದ್ದ. ನಾವು ನಾಲ್ವರು ಗೇಟಿನ ಹತ್ತಿರ ದೋಣಿ ಹೊತ್ತು ಕಾಯುತ್ತಿದ್ದೆವು.

"ಗೌರವಾನ್ವಿತರೇ," ಎಂದಿತು ಮೈಕು, "ಈಗ ತಾವು ನೋಡಲಿರುವುದು ಪ್ರವಾಹ."

ಸೈರನ್ ಕೂಗಿತು. ಓಣಿಯ ಕಡೆಯಿಂದ ತಟ್ಟೆಯ ಸದ್ದು ಬಂತು. ಹುಡುಗಿ ಮುಂದೆ, ಓಣಿಯ ಜನ ಹಿಂದೆ. ಗೇಟು ದಾಟಿ ಒಳಗೆ ಬಂದರು. ಬಂದವರು ಸುಣ್ಣದ ಗುರುತುಗಳನ್ನು ಬಳಸಿಕೊಂಡು, ಒಂದನ್ನೂ ತುಳಿಯದೆ, ನೇರವಾಗಿ ಕಟ್ಟೆಯ ಕಡೆಗೆ ನಡೆದರು.

"ಅಲ್ಲಲ್ಲ! ಏಯ್! ನಿಮ್ಮ ನಿಮ್ಮ ಜಾಗ! ಹೆಣ ಎಲ್ಲಿಗೆ ಬರ್ತಿದೆಯೇ? ಕೆಳಗೆ, ಕೆಳಗೆ!"

"ನೀರು ಬಂದಿದೆ ಸ್ವಾಮಿ," ಎಂದು ಹುಡುಗಿ ಕೂಗಿ ಹೇಳಿದಳು. "ಎತ್ತರಕ್ಕೆ ಹೋಗ್ತಿದ್ದೀವಿ."

ಮೇಲಿನವರಲ್ಲಿ ಒಬ್ಬರು ಇದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು. ಪಕ್ಕದವರು ಅವರ ಕೈ ಹಿಡಿದು ನಿಲ್ಲಿಸಿದರು.

"ಏಯ್ ಕೋಲು! ತಡೆಯೋ! ಏನು ನೋಡ್ತಾ ನಿಂತಿದ್ದೀಯೋ ಬೋಳಿಮಗನೆ, ತಡಿ!"

ಬಾವ ಕೋಲು ಎತ್ತಿದ. ಅವನು ಅದನ್ನು ಮೊಣಕಾಲಿಗೆ ಅಡ್ಡ ಇಟ್ಟು ಮುರಿಯಲು ನೋಡಿದ, ಹೊಸ ಕೋಲು, ಮುರಿಯಲಿಲ್ಲ. ಹಾಗೇ ಹಿಂದಕ್ಕೆ ಎಸೆದ. ಹಗ್ಗ ಬಿಚ್ಚಿ, ಅಂಚಿನಲ್ಲಿ ಕೂತು ಎರಡೂ ಕೈ ಕೆಳಗೆ ಚಾಚಿದ.

"ಬಾ ಅಜ್ಜಿ. ಹತ್ತು."

ಅಜ್ಜಿಗೆ ಕಾಲು ಎಟುಕಲಿಲ್ಲ. ನಾವು ನಾಲ್ವರು ಮುಖ ಮುಖ ನೋಡಿಕೊಂಡು, ದೋಣಿ ತಂದು ಕಟ್ಟೆಗೆ ಒತ್ತಿ ಬೋರಲು ಹಾಕಿದೆವು. ಅದರ ಮೇಲೆ ಕಾಲಿಟ್ಟು ಅಜ್ಜಿ ಹತ್ತಿದಳು. ಅಜ್ಜಿಯ ಹಿಂದೆ ಉಳಿದವರು ಹತ್ತಿದರು, ಅವರ ಜೊತೆ ನಾವು ನಾಲ್ವರೂ ಹತ್ತಿದೆವು. ಇಲಾಖೆಯ ದೋಣಿ ನಮ್ಮ ಜನಕ್ಕೆ ಉಪಯೋಗಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಟ್ಟೆ ತುಂಬಿತು. ಕುರ್ಚಿಗಳು ಉರುಳಿದವು, ನೀರಿನ ಬಾಟಲಿಗಳು ಉರುಳಿದವು. ಯಾರೂ ಯಾರ ಮೈಮೇಲೂ ಕೈ ಮಾಡಲಿಲ್ಲ, ಬಂದು ನಿಂತರು ಅಷ್ಟೆ. ಧೂಳು ಕಾಲಿನವರು ಹ್ಯಾಗೆ ಹ್ಯಾಗೆ ಒಳಗೆ ಸರಿದರೋ, ಬೂಟಿನವರು ಹಾಗೆ ಹಾಗೆ ಅಂಚಿಗೆ ಸರಿದರು. ಅಂಚಿನಲ್ಲಿ ಮೈಕ್ ಸಾಹೇಬರು ಒಂಟಿ ಕಾಲಿನಲ್ಲಿ ನಿಂತಿದ್ದರು.

"ಜಾಗ ಇಲ್ವೋ ಇಲ್ಲಿ! ನಾವೆಲ್ಲಿ ನಿಲ್ಲೋದು?" ಎಂದರು. ಮೈಕು ಇನ್ನೂ ಬಾಯಿಯ ಹತ್ತಿರವೇ ಇದ್ದದ್ದರಿಂದ ಮಾತು ಊರಿಗೆಲ್ಲ ಕೇಳಿಸಿತು.

ಬಾವ ಮಗಳ ಕೈ ಹಿಡಿದು ಮೇಲೆಳೆದುಕೊಂಡ. ಅವಳೇ ಕೊನೆಯವಳು. ಅವಳನ್ನು ತನ್ನ ಹಿಂದೆ ನಿಲ್ಲಿಸಿಕೊಂಡು ಸಾಹೇಬರ ಕಡೆ ತಿರುಗಿದ. ದನಿ ಎತ್ತರಿಸಲಿಲ್ಲ. ಇಷ್ಟು ವರ್ಷ ಅವರ ಜೊತೆ ಯಾವ ದನಿಯಲ್ಲಿ ಮಾತಾಡಿದ್ದನೋ ಅದೇ ದನಿ.

"ಕೆಳಗೆ ಜಾಗ ಇದೆ ಸ್ವಾಮಿ. ಸುಣ್ಣ ಹಾಕಿಸಿದ್ದೀರಲ್ಲ. ಇಳಿದು ಮಲಗಿ."

ಸೈರನ್ ಕೂಗುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕಾದವನೂ ಹತ್ತಿ ಬಂದು ನಮ್ಮ ಜೊತೆ ನಿಂತಿದ್ದ.